ಫೈನಲ್ ಫ್ಯಾಂಟಸಿಯನ್ನು ಒಂದರಿಂದಲೇ ಆಡಬೇಕಾ, ನೇರ ಏಳಕ್ಕೆ ಹೋಗಬಹುದಾ?
ಈ ವಿಡಿಯೊ ಗೇಮ್ ಸರಣಿಯ ಒಂದನೇದು ಮುಗಿಸಿದ್ದೀರಿ, ಎರಡನೇದರ ಅರ್ಧದಲ್ಲಿ ಬೇಜಾರು ಬಂದಿದೆ, ಎಲ್ಲರೂ ಹೊಗಳುವ ಏಳಕ್ಕೆ ಹಾರಿಬಿಡಲಾ ಅಂತ ಕೇಳಿದ್ದೀರಿ. ಹಾರಬೇಡಿ. ನಾಲ್ಕರವರೆಗಾದರೂ ತಾಳಿ.

ನಾನು ಕಲಬುರಗಿಯವಳು. ಇಲ್ಲಿ ಮೇ ತಿಂಗಳ ಮಧ್ಯಾಹ್ನ ಯಾರೂ ಹೊರಗೆ ಕಾಲಿಡುವುದಿಲ್ಲ. ಊಟ ಆದಮೇಲೆ ಬಾಗಿಲು ಹಾಕಿ, ಕೂಲರ್‌ಗೆ ನೀರು ತುಂಬಿ, ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆ. ಹಾಗೆ ಒಂದು ಬೇಸಿಗೆ ಪೂರ್ತಿ ಮೊದಲ ನಾಲ್ಕನ್ನು ಸಾಲಾಗಿ ಆಡಿದೆ. ಆಡಿದ್ದು 2021ರಲ್ಲಿ ಬಂದ ಪಿಕ್ಸೆಲ್ ರೀಮಾಸ್ಟರ್, ಅಂದರೆ ಹಳೆಯ ಆಟಗಳನ್ನೇ ಹೊಸದಾಗಿ ತಿದ್ದಿ ತಂದ ಆವೃತ್ತಿ. ಎಲ್ಲಿ ಬೇಕಾದರೂ ಸೇವ್ ಮಾಡಬಹುದು, ಮ್ಯಾಪ್ ಇದೆ. ಹೊಸಬರಿಗೆ ಅದೇ ಸರಿ.

1987ರ ಮೊದಲನೇದರಲ್ಲಿ ಶುರುವಿನಲ್ಲೇ ನಾಲ್ಕು ಜನರನ್ನು ಆರಿಸಿಕೊಳ್ಳುತ್ತೀರಿ, ಕೊನೆವರೆಗೂ ಅವರೇ. 1988ರ ಎರಡನೇದು ಅದನ್ನೆಲ್ಲ ಕಿತ್ತುಹಾಕಿತು. ಕಾದಾಡಿ ಅಂಕ ಗಳಿಸಿ ಏರುವ ಲೆವೆಲ್ಲೇ ಇಲ್ಲ! ಕತ್ತಿ ಬೀಸಿದಷ್ಟೂ ಕತ್ತಿ ಪಳಗುತ್ತದೆ, ಏಟು ತಿಂದಷ್ಟೂ ಜೀವ ಗಟ್ಟಿಯಾಗುತ್ತದೆ. ನಿಮಗೆ ಬೇಜಾರಾಗಿದ್ದು ಆ ಖಾಲಿ ಕೋಣೆಗಳಿಂದ ಅಲ್ವಾ? ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ, ಹೊರಬರುವಷ್ಟರಲ್ಲಿ ಮತ್ತೆ ಕಾದಾಟ. ನನಗೂ ತಲೆ ಕೆಟ್ಟಿತ್ತು. ಕೊನೆಗೆ ಒಂದು ನೋಟ್‌ಬುಕ್‌ನಲ್ಲಿ ಯಾವ ಮಹಡಿಯ ಯಾವ ಬಾಗಿಲು ಖಾಲಿ ಅಂತ ಗೀಟು ಹಾಕಿಕೊಂಡೆ. ಪ್ರತಿಯೊಬ್ಬರಿಗೂ ಒಂದೇ ಆಯುಧ, ಒಂದೆರಡೇ ಮಂತ್ರ ಕೊಟ್ಟು ಅದನ್ನೇ ಪಳಗಿಸಿ. ನಾಲ್ಕನೇ ಜಾಗಕ್ಕೆ ಬರುವವರು ಕಥೆಯ ಜೊತೆ ಬದಲಾಗುತ್ತಲೇ ಇರುತ್ತಾರೆ, ಅವರ ಮೇಲೆ ಜಾಸ್ತಿ ಶ್ರಮ ಹಾಕಬೇಡಿ.

ಇಷ್ಟು ಕಷ್ಟ ಯಾಕೆ ಅಂದರೆ, ಮೂರನೇದರಲ್ಲಿ ಆಟದ ನಡುವೆಯೇ ಪಾತ್ರಗಳ ಕಸುಬು (ಯೋಧ, ಮಾಂತ್ರಿಕ ಹೀಗೆ) ಬದಲಾಯಿಸಲು ಬಿಟ್ಟಾಗ ಆಗುವ ಖುಷಿ ಏಳರಿಂದ ಹಿಂದಕ್ಕೆ ಬಂದವರಿಗೆ ಸಿಗುವುದಿಲ್ಲ. ಅವರಿಗೆ ಅದು ಮಾಮೂಲು.

ಆಮೇಲೆ 1991ರ ನಾಲ್ಕನೇದು. ಅಲ್ಲಿಯವರೆಗೆ ಸರದಿ ಪ್ರಕಾರ ನಿಧಾನವಾಗಿ ಯೋಚಿಸಿ ಹೊಡೆಯುತ್ತಿದ್ದವರಿಗೆ ಇಲ್ಲಿ ಸಮಯ ಓಡುತ್ತಿರುತ್ತದೆ, ನೀವು ಯೋಚಿಸುತ್ತಾ ಕೂತರೆ ಶತ್ರು ಕಾಯುವುದಿಲ್ಲ. ಆದರೆ ನನ್ನನ್ನು ಹಿಡಿದಿದ್ದು ಬೆಟ್ಟದ ಮೇಲಿನ ಒಂದು ಕಾದಾಟ. ಕಥೆ ಪೂರ್ತಿ ಹೇಳಲ್ಲ, ಇಷ್ಟೇ ಹೇಳುತ್ತೇನೆ: ನಾಯಕನ ಎದುರು ಅವನದೇ ಹಳೆಯ ರೂಪ ಬಂದು ನಿಲ್ಲುತ್ತದೆ. ಮೂರು ಆಟಗಳಲ್ಲಿ ಕಲಿತ ಅಭ್ಯಾಸಕ್ಕೆ ನನ್ನ ಬೆರಳು ದಾಳಿ ಬಟನ್ ಮೇಲೇ ಇತ್ತು. ಪಕ್ಕದಲ್ಲಿ ಕೂತ ತಮ್ಮ, "ಹೊಡಿ ಅಕ್ಕಾ, ಯಾಕ್ ಸುಮ್ನ ಕುಂತಿ?" ಅಂತಿದ್ದ. ಹೊಡೆಯಬಾರದು. ಕತ್ತಿ ಕೆಳಗಿಟ್ಟು ಏಟು ತಿನ್ನಬೇಕು. ಅದು ಹೊಳೆದಾಗ ಮೈ ಜುಮ್ಮೆಂದಿತು. ಮೊದಲ ಮೂರರಲ್ಲಿ ಸಾವಿರ ಸಲ ಹೊಡೆಯದೇ ಇದ್ದಿದ್ದರೆ ಸುಮ್ಮನಿರುವುದು ಅಷ್ಟು ಕಷ್ಟ ಅನಿಸುತ್ತಿರಲಿಲ್ಲ.

ಹಳೆಯ ಅಮೆರಿಕನ್ ಪ್ರತಿ ಹುಡುಕುವುದಾದರೆ ಒಂದು ಎಚ್ಚರ. ಅಲ್ಲಿ ನಾಲ್ಕನ್ನು ಎರಡು ಅಂತ, ಆರನ್ನು ಮೂರು ಅಂತ ಮಾರಿದರು.

ಎಲ್ಲ ಸರಣಿಗೂ ಇದೇ ಮಾತು ಹೇಳಲ್ಲ. ಎಲ್ಡರ್ ಸ್ಕ್ರೋಲ್ಸ್‌ಗೆ 1994ರ ಮೊದಲ ಆಟ ಅರೀನಾದಿಂದ ಶುರು ಮಾಡಬೇಕಿಲ್ಲ, 2002ರ ಮಾರೋವಿಂಡ್ ಸಾಕು. ಬಾಲ್ಡರ್ಸ್ ಗೇಟ್ ಮಾತ್ರ ಒಂದರಿಂದಲೇ, ಯಾಕಂದರೆ ಅಲ್ಲಿ ಬೆಳೆಸಿದ ನಿಮ್ಮ ನಾಯಕನನ್ನೇ ಎರಡಕ್ಕೆ ಕರೆದುಕೊಂಡು ಹೋಗಬಹುದು.

ಎರಡನೇದರಲ್ಲಿ ಎಲ್ಲಿ ಸಿಕ್ಕಿಕೊಂಡಿದ್ದೀರಿ ಬರೆಯಿರಿ. ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ, ನೋಡಿ ಹೇಳುತ್ತೇನೆ.