ಎರಡು ವರ್ಷದಲ್ಲಿ ಎಷ್ಟು ದೇಶ ಮುಗಿಸಬೇಕು?

ಪ್ರಶ್ನೆ: ಜರ್ಮನಿಯ ಆಖೆನ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ. ವಯಸ್ಸು 24. ಬಂದು ಒಂದು ಸೆಮಿಸ್ಟರ್ ಆಯಿತು. ಕ್ಲಾಸಿನವರೆಲ್ಲ ಒಂದೇ ರಜೆಯಲ್ಲಿ ಪ್ಯಾರಿಸ್, ಪ್ರಾಗ್, ವೆನಿಸ್ ಅಂತ ಐದಾರು ಊರು ಸುತ್ತಿ ಬಂದು ಫೋಟೋ ಹಾಕುತ್ತಾರೆ. ನನ್ನ ಕೈಯಲ್ಲಿ ತಿಂಗಳಿಗೆ ನೂರು ಯೂರೋ ಉಳಿದರೆ ಹೆಚ್ಚು. ಮ್ಯೂಸಿಯಂ, ಸಂಗೀತ ಎಲ್ಲ ಇಷ್ಟ, ಆದರೆ ಅದರ ತಲೆಬುಡ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆಖೆನ್‌ನಿಂದಲೇ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಊರಿನ ನಡುಮಧ್ಯೆ ಇರುವ ಕ್ಯಾಥೆಡ್ರಲ್ ನೋಡುವುದಕ್ಕೆ ಜನ ಎಲ್ಲೆಲ್ಲಿಂದಲೋ ಬರುತ್ತಾರೆ. 1978ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಮೊದಲ ಪಟ್ಟಿ ಮಾಡಿದಾಗ ಅದರಲ್ಲಿದ್ದದ್ದು ಹನ್ನೆರಡೇ ಜಾಗ, ಅದರಲ್ಲಿ ಇದೂ ಒಂದು. ಷಾರ್ಲಮೇನ್ ಚಕ್ರವರ್ತಿಯನ್ನು 814ರಲ್ಲಿ ಹೂತದ್ದು ಇಲ್ಲೇ. ಒಳಗೆ ಹೋಗಲು ಟಿಕೆಟ್ ಬೇಡ. ಆದರೆ ಮೇಲಿನ ಅಂತಸ್ತಿನಲ್ಲಿರುವ ಸಿಂಹಾಸನ ನೋಡಬೇಕಾದರೆ ಗೈಡ್ ಜೊತೆ ಹೋಗಬೇಕು, ಅದಕ್ಕೆ ದುಡ್ಡು ಕೊಡಬೇಕು. ಕೊಡಿ. ಚಿನ್ನವಿಲ್ಲ, ರತ್ನವಿಲ್ಲ, ಅಮೃತಶಿಲೆಯ ಚಪ್ಪಡಿಗಳನ್ನು ಜೋಡಿಸಿದ ಬೋಳು ಕುರ್ಚಿ ಅದು. ಪಕ್ಕದ ಚಪ್ಪಡಿಯನ್ನು ಸರಿಯಾಗಿ ನೋಡಿದರೆ ಒಂದರೊಳಗೊಂದು ಚೌಕ ಗೀಚಿರುವುದು ಕಾಣುತ್ತದೆ. ನಮ್ಮ ಸಾಲುಮನೆ ಆಟದ ಮನೆಗಳೇ! ಆರು ಶತಮಾನದ ಕಾಲ ಜರ್ಮನ್ ರಾಜರಿಗೆ ಪಟ್ಟ ಕಟ್ಟಿದ ಕಡೆ, ಯಾರೋ ಪುಣ್ಯಾತ್ಮ ಕಲ್ಲಿನ ಮೇಲೆ ಆಟಕ್ಕೆ ಗೆರೆ ಎಳೆದಿದ್ದಾನೆ. ಐದು ದಿನದಲ್ಲಿ ಐದು ಊರು ಓಡುವವರ ಕಣ್ಣಿಗೆ ಇಂಥದ್ದು ಬೀಳುವುದು ಕಷ್ಟ.

ನಿಮ್ಮ ಕ್ಲಾಸಿನವರು ಪ್ರವಾಸಿಗರ ಹಾಗೆ ತಿರುಗುತ್ತಿದ್ದಾರೆ. ನೀವು ಪ್ರವಾಸಿಗರಲ್ಲ, ಅಲ್ಲಿ ವಾಸ ಇರುವವರು. ಪ್ರವಾಸಿಗೆ ಇಲ್ಲದ್ದು ನಿಮಗೆ ಎರಡಿದೆ. ಒಂದು, ಮತ್ತೆ ಹೋಗಬಹುದು. ಇನ್ನೊಂದು, ಜೇಬಿನಲ್ಲಿರುವ ರೆಸಿಡೆನ್ಸ್ ಕಾರ್ಡು.

ಕಾರ್ಡಿನ ವಿಷಯ ಮೊದಲು ಹೇಳುತ್ತೇನೆ, ಏಕೆಂದರೆ ನಿಮ್ಮ ವಯಸ್ಸಿಗೆ ಅದರ ಗಡುವು ಹತ್ತಿರ ಇದೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿಗೆ 26 ತುಂಬದ, ಯುರೋಪಿನಲ್ಲಿ ವಾಸ ಇರುವವರಿಗೆ ಪುಕ್ಕಟೆ ಪ್ರವೇಶ. ಯಾವ ದೇಶದ ಪಾಸ್‌ಪೋರ್ಟ್ ಅಂತ ನೋಡುವುದಿಲ್ಲ, ಎಲ್ಲಿ ವಾಸ ಅಂತ ನೋಡುತ್ತಾರೆ. ಭಾರತದಿಂದ ನೇರವಾಗಿ ಬಂದ ಪ್ರವಾಸಿಗೆ 2026ರ ಜನವರಿಯಿಂದ ಅದೇ ಬಾಗಿಲಲ್ಲಿ 32 ಯೂರೋ! ಪುಕ್ಕಟೆ ಆದರೂ ಸಮಯ ಮೊದಲೇ ಬುಕ್ ಮಾಡಿ, ಕಾರ್ಡ್ ಇಟ್ಟುಕೊಳ್ಳಿ. ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಹೊತ್ತು ಜನ ಕಡಿಮೆ. ಒಂದೆರಡು ಗ್ಯಾಲರಿ ನೋಡಿ, ಎದ್ದು ಬನ್ನಿ. ಟಿಕೆಟ್ಟಿಗೆ ಕೊಟ್ಟ ದುಡ್ಡು ವಸೂಲಾಗಲಿ ಅಂತ ಕಾಲು ನೋಯುವ ತನಕ ಸುತ್ತುವ ಅಗತ್ಯ ನಿಮಗಿಲ್ಲ, ಅದೇ ದೊಡ್ಡ ಅನುಕೂಲ. ಓರ್ಸೇ ಮ್ಯೂಸಿಯಮ್ಮಿಗೂ 26ರ ಒಳಗಿನವರಿಗೆ ಇಂಥದ್ದೇ ರಿಯಾಯಿತಿ ಇದೆ. ಅದು ಗುರುವಾರ ರಾತ್ರಿಯೂ ತೆರೆದಿರುತ್ತದೆ.

ಇನ್ನು ಓಡಾಟ. ಸೆಮಿಸ್ಟರ್ ಶುಲ್ಕದ ಜೊತೆ ಬಂದ ಟಿಕೆಟ್ ಇದೆಯಲ್ಲ, ಅದರಲ್ಲಿ ಜರ್ಮನಿಯ ಯಾವ ಪ್ರಾದೇಶಿಕ ರೈಲನ್ನೂ ಹತ್ತಬಹುದು. ಐಸಿಇ, ಐಸಿ ಅನ್ನುವ ದೂರದ ವೇಗದ ರೈಲು ಮಾತ್ರ ಹತ್ತಬೇಡಿ, ದಂಡ ಬೀಳುತ್ತದೆ. ಕಲೋನ್ ಒಂದು ಗಂಟೆ ದಾರಿ. ಅಲ್ಲಿನ ಕ್ಯಾಥೆಡ್ರಲ್ ಶುರುವಾಗಿದ್ದು 1248ರಲ್ಲಿ, ಮುಗಿದದ್ದು 1880ರಲ್ಲಿ. ಅರ್ಧಕ್ಕೆ ನಿಂತ ಗೋಪುರದ ಮೇಲೆ ಮರದ ಕ್ರೇನು ಮುನ್ನೂರು ವರ್ಷಕ್ಕೂ ಮೀರಿ ಹಾಗೇ ನಿಂತಿತ್ತಂತೆ. 533 ಮೆಟ್ಟಿಲು ಹತ್ತುವುದು ನಿಮ್ಮ ಮಂಡಿಗೆ ಬಿಟ್ಟಿದ್ದು. ನಾನಾದರೆ ಕೆಳಗೆ ದಕ್ಷಿಣದ ಕಡೆ ಇರುವ ಕಿಟಕಿಯ ಎದುರು ಕೂರುತ್ತೇನೆ. ಚಿತ್ರಕಾರ ಗೆರ್ಹಾರ್ಡ್ ರಿಕ್ಟರ್ 2007ರಲ್ಲಿ ಮಾಡಿದ್ದು. ಸಂತರಿಲ್ಲ, ಕಥೆಯಿಲ್ಲ. 72 ಬಣ್ಣದ ಸಾವಿರಾರು ಚೌಕ ಗಾಜು, ಅಷ್ಟೇ. ಮಧ್ಯಾಹ್ನ ಬಿಸಿಲು ಬಂದಾಗ ಆ ಬಣ್ಣಗಳೆಲ್ಲ ನೆಲದ ಮೇಲೆ ಬಂದು ಬೀಳುತ್ತವೆ. ಮೋಡ ಇದ್ದರೆ ಏನೂ ಇಲ್ಲ, ಆದರೆ ಇನ್ನೊಂದು ಶನಿವಾರ ಹೋಗುವುದಕ್ಕೆ ನಿಮಗೆ ರೈಲಿನ ಖರ್ಚಿಲ್ಲ ಅಲ್ವಾ?

ವಿದೇಶಕ್ಕೆ ಹೋಗಲೇಬೇಕು ಅನಿಸಿದರೆ ಆಖೆನ್‌ನಿಂದ 350ನೇ ನಂಬರಿನ ಬಸ್ಸು ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ಗೆ ಹೋಗುತ್ತದೆ. ಅಲ್ಲಿ 13ನೇ ಶತಮಾನದ ಚರ್ಚಿನೊಳಗೆ ಪುಸ್ತಕದ ಅಂಗಡಿ ಇಟ್ಟಿದ್ದಾರೆ, ನೋಡಲು ಕಾಸಿಲ್ಲ. ಸಿಟಿ ಬಸ್ಸಿನಲ್ಲಿ ಗಡಿ ದಾಟುವ ಮಜವೇ ಬೇರೆ.

ಸಂಗೀತಕ್ಕೆ ವಿಯೆನ್ನಾದ ತನಕ ಹೋಗಬೇಕಿಲ್ಲ. ನಿಮ್ಮೂರಿನ ಒಪೆರಾ, ಅಂದರೆ ಹಾಡಿನಲ್ಲೇ ಕಥೆ ಹೇಳುವ ನಾಟಕದ ರಂಗಮಂದಿರ, ಸಾಮಾನ್ಯದ್ದಲ್ಲ, ಮುಂದೆ ಬರ್ಲಿನ್ ಫಿಲ್‌ಹಾರ್ಮೊನಿಕ್ ವಾದ್ಯವೃಂದ ನಡೆಸಿದ ಕರಾಯನ್ 1935ರಲ್ಲಿ ಅಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ವಿದ್ಯಾರ್ಥಿಗಳಿಗೆ ಎಷ್ಟು ಕಡಿಮೆ ಅಂತ ಕೌಂಟರಿನಲ್ಲಿ ಕೇಳಿ. ಪ್ರದರ್ಶನಕ್ಕೆ ಮುಂಚೆ ಉಳಿದ ಟಿಕೆಟ್ ಅಗ್ಗಕ್ಕೆ ಸಿಗುತ್ತದಾ ಅನ್ನುವುದನ್ನೂ ಕೇಳಿ. ಸೂಟ್ ಬೇಡ, ಒಗೆದ ಶರ್ಟ್ ಸಾಕು. ಕೋಟು, ಬ್ಯಾಗು ಹೊರಗೆ ಕೊಟ್ಟು ಹೋಗಬೇಕು. ಒಂದು ಭಾಗ ಮುಗಿದಾಗ ಸುಮ್ನೆ ಚಪ್ಪಾಳೆ ಹೊಡೆಯಬೇಡಿ, ಪಕ್ಕದವರು ಹೊಡೆದ ಮೇಲೆ ಹೊಡೆಯಿರಿ. ಕಥೆಯನ್ನು ಮೊದಲೇ ಓದಿಕೊಂಡು ಹೋದರೆ ಅರ್ಧ ಕೆಲಸ ಆದ ಹಾಗೆ. ಮುಂದೆ ಯಾವಾಗಲಾದರೂ ವಿಯೆನ್ನಾಗೆ ಹೋದರೆ ಅಲ್ಲಿನ ಸ್ಟೇಟ್ ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ತೆಗೆದುಕೊಳ್ಳಿ. ಕುರ್ಚಿಯ ಬೆಲೆ ಎಲ್ಲಿ, ಇದರ ಬೆಲೆ ಎಲ್ಲಿ! ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ ಮುಂದಿನ ಕಂಬಿಗೆ ಸ್ಕಾರ್ಫ್ ಕಟ್ಟಿ ಜಾಗ ಹಿಡಿಯುವುದು ಅಲ್ಲಿನ ರೂಢಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದೊಡ್ಡ ರೈಲು ಪ್ರವಾಸ ಮಾಡುವುದಾದರೆ ಯೂರೇಲ್ ಪಾಸ್ ನಿಮಗಲ್ಲ, ಅದು ಹೊರಗಿನಿಂದ ಬಂದವರಿಗೆ. ಯುರೋಪಿನಲ್ಲಿ ವಾಸ ಇರುವವರಿಗೆ ಇಂಟರ್‌ರೇಲ್. ಯುವಕರ ದರ 27 ವರ್ಷದವರೆಗೆ. ಫ್ರಾನ್ಸ್, ಇಟಲಿ, ಸ್ಪೇನ್‌ನ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ದುಡ್ಡು ಕೇಳುತ್ತಾರೆ, ಅದನ್ನು ಸೇರಿಸಿಯೇ ಲೆಕ್ಕ ಹಾಕಿ.

ಪ್ರಶ್ನೆ: ಮಗಳು ಇಟಲಿಯ ಬೊಲೊನ್ಯಾದಲ್ಲಿ ಓದುತ್ತಿದ್ದಾಳೆ. ವಾರ ಬಿಟ್ಟು ವಾರ ಒಂದೊಂದು ಊರಿಗೆ ಹೋಗುತ್ತಾಳೆ. ಓದು ಏನಾಗುತ್ತದೋ, ರಾತ್ರಿ ಎಲ್ಲಿ ಇರುತ್ತಾಳೋ ಅಂತ ನನಗೆ ನಿದ್ದೆ ಬರುವುದಿಲ್ಲ. ಹೇಗೆ ಹೇಳಲಿ?

ಉತ್ತರ: ಅಮ್ಮಾ, ಮೊದಲು ಒಂದು ಸಮಾಧಾನ. ಬೊಲೊನ್ಯಾ ರೈಲುಗಳ ದೊಡ್ಡ ಜಂಕ್ಷನ್. ಅಲ್ಲಿಂದ ಫ್ಲಾರೆನ್ಸ್‌ಗೆ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ರಾವೆನ್ನಾಗೆ ಪ್ಯಾಸೆಂಜರ್ ರೈಲಿನಲ್ಲಿ ಒಂದೂಕಾಲು ಗಂಟೆ ಅಂದಾಜು. ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ರೂಮಿಗೆ ಬರಬಹುದು. ಹಾಗಾಗಿ "ಹೋಗಬೇಡ" ಅನ್ನುವ ಬದಲು "ಸಂಜೆ ವಾಪಸ್ ಬರುವಂಥ ಊರಿಗೆ ಹೋಗು" ಅನ್ನಿ. ರಾವೆನ್ನಾ ನೋಡಿದ್ದಾಳಾ ಕೇಳಿ. ಸಾನ್ ವಿತಾಲೆ ಚರ್ಚಿನಲ್ಲಿ 6ನೇ ಶತಮಾನದ ಗಾಜಿನ ಹರಳಿನ ಚಿತ್ರಗಳಿವೆ, ಜಸ್ಟಿನಿಯನ್ ದೊರೆ ಒಂದು ಕಡೆ, ರಾಣಿ ಥಿಯೊಡೋರಾ ಎದುರಿಗೆ. ಅದನ್ನು ನೋಡಿ ಬಂದ ಮಗಳು ಭಾನುವಾರ ಹಾಳು ಮಾಡಿದಳು ಅಂತ ನನಗಂತೂ ಅನಿಸುವುದಿಲ್ಲ.

ಓದಿನ ವಿಷಯಕ್ಕೆ ಪರೀಕ್ಷೆಯ ತಿಂಗಳು ಯಾವುದು ಅಂತ ಕೇಳಿಟ್ಟುಕೊಳ್ಳಿ. ಆ ತಿಂಗಳು ತಿರುಗಾಟ ಬೇಡ ಅನ್ನುವ ಒಪ್ಪಂದ ಸಾಕು. ಎಲ್ಲಾದರೂ ರಾತ್ರಿ ಉಳಿದರೆ ಹಾಸ್ಟೆಲಿನ ಹೆಸರು, ರೈಲಿನ ಸಮಯ ಮೆಸೇಜ್ ಮಾಡಲಿ. 112 ಯುರೋಪಿನ ಎಲ್ಲ ಕಡೆಯ ತುರ್ತು ನಂಬರು, ಅದು ಅವಳಿಗೆ ಗೊತ್ತಿರಲಿ. ಇನ್ನೊಂದು, ಅಲ್ಲಿ ಪ್ಯಾಸೆಂಜರ್ ರೈಲಿಗೆ ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರಂ ಹತ್ತಿರದ ಮಷಿನ್‌ಗೆ ತೂರಿಸಿ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಖರ್ಚಿನ ಚಿಂತೆ ಇದ್ದರೆ, ಪ್ರತಿ ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಮ್ಮುಗಳು ಪುಕ್ಕಟೆ. ಕ್ಯೂ ಮಾತ್ರ ಜಾಸ್ತಿ.

ಪ್ರಶ್ನೆ: ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದೇನೆ, ಸ್ಪೇನಿನ ರೆಸಿಡೆನ್ಸ್ ಕಾರ್ಡ್ ಇದೆ. ಸ್ವಿಟ್ಜರ್ಲೆಂಡ್, ಲಂಡನ್, ಡಬ್ಲಿನ್ ಮೂರಕ್ಕೂ ವೀಸಾ ಇಲ್ಲದೆ ಹೋಗಬಹುದಾ?

ಉತ್ತರ: ಸ್ವಿಟ್ಜರ್ಲೆಂಡ್‌ಗೆ ಹೋಗಬಹುದು. ಅದು ಯುರೋಪ್ ಒಕ್ಕೂಟದಲ್ಲಿ ಇಲ್ಲ, ಆದರೆ ಷೆಂಗೆನ್ ಒಳಗಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಕೂಟದಲ್ಲಿ. ಈಗ ಷೆಂಗೆನ್‌ನಲ್ಲಿ 29 ದೇಶ. ಸ್ಪೇನ್ ಬಿಟ್ಟು ಉಳಿದ ದೇಶಗಳಲ್ಲಿ ಯಾವ 180 ದಿನ ತೆಗೆದುಕೊಂಡರೂ ಒಟ್ಟು 90 ದಿನ ಮೀರಬಾರದು. ಲಂಡನ್‌ಗೆ ಬೇರೆ ವೀಸಾ, ಡಬ್ಲಿನ್‌ಗೆ ಬೇರೆ ವೀಸಾ. ಲಂಡನ್ ವೀಸಾ ಸಿಕ್ಕರೆ ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಇಟ್ಟದ್ದು. ಅಲ್ಲಿಯವರೆಗೆ ಪ್ರಾದೋ ಮ್ಯೂಸಿಯಂ ನಿಮ್ಮ ಕಾಲಬುಡದಲ್ಲೇ ಇದೆ. 25 ವರ್ಷದವರೆಗಿನ ವಿದ್ಯಾರ್ಥಿಗಳಿಗೆ ಸ್ಟೂಡೆಂಟ್ ಕಾರ್ಡ್ ತೋರಿಸಿದರೆ ಪುಕ್ಕಟೆ.

ಎಲ್ಲಿಗೆ ಹೋದರೂ ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ಅಸಲಿನವೇ ಇರಲಿ, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ಕೆಲವು ಅಗ್ಗದ ವಿಮಾನಗಳಲ್ಲಿ ಯುರೋಪಿನ ಪಾಸ್‌ಪೋರ್ಟ್ ಇಲ್ಲದವರು ಸೆಕ್ಯುರಿಟಿಗೆ ಮೊದಲು ಕೌಂಟರಿನಲ್ಲಿ ದಾಖಲೆ ತೋರಿಸಬೇಕು, ಅದಕ್ಕೆ ಸಮಯ ಇಟ್ಟುಕೊಂಡು ಹೋಗಿ. ಟಿಕೆಟ್ ತೆಗೆಯುವ ಮೊದಲು ವಿಮಾನ ಇಳಿಯುವುದು ಎಲ್ಲಿ ಅಂತಲೂ ನೋಡಿ. ಪ್ಯಾರಿಸ್ ಬೊವೇ ಅನ್ನುವ ನಿಲ್ದಾಣ ಪ್ಯಾರಿಸ್‌ನಿಂದ ಸುಮಾರು 85 ಕಿಲೋಮೀಟರ್ ದೂರ ಇದೆ.