ಕ್ರಾಫ್ಟ್ ಬಿಯರ್ ಅಂದರೆ ಸಣ್ಣ ಕಂಪನಿಯದ್ದೇ?

ಚಿಕ್ಕಮಗಳೂರಿನ ವೈನ್ ಶಾಪಿನಲ್ಲಿ ‘ಕ್ರಾಫ್ಟ್’ (ಸಣ್ಣ ಪ್ರಮಾಣದಲ್ಲಿ, ಕುಶಲತೆಯಿಂದ ಮಾಡಿದ್ದು) ಎಂದು ಮಾರುವ ಬಿಯರೆಲ್ಲ ಸಣ್ಣ ಕಂಪನಿಗಳದ್ದೇನಾ ಎಂದು ಕೇಳಿದ್ದೀರಿ. ಅಲ್ಲ. ಬ್ಲೂ ಮೂನ್ ಎಂಬ ಬಿಯರ್ 1995ರಲ್ಲಿ ಹುಟ್ಟಿದ್ದೇ ಅಮೆರಿಕದ ದೊಡ್ಡ ಬಿಯರ್ ಕಂಪನಿ ಕೂರ್ಸ್‌ನೊಳಗೆ. ಶಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯನ್ನು (ಬಿಯರ್ ತಯಾರಿಸುವ ಘಟಕ) ಬಡ್‌ವೈಸರ್‌ನ ಒಡೆಯ ಎಬಿ ಇನ್‌ಬೆವ್ 2011ರಲ್ಲಿ ಕೊಂಡಿತು, ಹೆಸರು ಮಾತ್ರ ಹಾಗೇ ಉಳಿಯಿತು. ಅಮೆರಿಕದ ಬಿಯರ್ ತಯಾರಕರ ಸಂಘವಾದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಾರ, ಕ್ರಾಫ್ಟ್ ಬ್ರೂವರಿಯಲ್ಲಿ ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಯ ಪಾಲು ಶೇ. 25ಕ್ಕಿಂತ ಕಡಿಮೆ ಇರಬೇಕು.

ಕಾಫಿಪುಡಿ ಪೊಟ್ಟಣದಲ್ಲಿ ಚಿಕೋರಿ ಎಷ್ಟಿದೆ ಎಂದು ನೋಡುತ್ತೀರಲ್ಲ, ಹಾಗೇ ಬಾಟಲಿಯ ಸಣ್ಣಕ್ಷರ ಓದಿ. ಆದರೆ ಕಾರ್ಖಾನೆಯ ವಿಳಾಸವೊಂದನ್ನೇ ನೆಚ್ಚಬೇಡಿ: ನಿಜವಾದ ಸಣ್ಣವರೂ ಬೇರೆಯವರ ಬ್ರೂವರಿಯಲ್ಲಿ ಮಾಡಿಸಿಕೊಳ್ಳುವುದುಂಟು. ಮುಖ್ಯವಾದದ್ದು ಒಡೆತನ. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ 32ನೇ ವರ್ಗ (ಬಿಯರ್ ಇರುವುದು ಅಲ್ಲೇ) ಆರಿಸಿ ಬ್ರ್ಯಾಂಡ್ ಹೆಸರು ಹಾಕಿ. ಯಾರ ಹೆಸರಲ್ಲಿದೆ ಎಂಬುದು ಸಿಗುತ್ತದೆ.