ಪಾಸ್‌ಬುಕ್‌ನ ಪೆನ್ಷನ್ ಕಾಲಂ ದುಡ್ಡು ತೆಗೆಯಬೇಕಾ, ಬಿಡಬೇಕಾ?

ನಿಮ್ಮ ಬೇಸಿಕ್ ಸಂಬಳ 20,000. ಪಿಎಫ್ ಪಾಸ್‌ಬುಕ್‌ನಲ್ಲಿ ತಿಂಗಳಿಗೆ ನಿಮ್ಮ ಪಾಲು 2,400, ಕಂಪನಿ ಪಾಲು ಬರೀ 1,150, ಅದರ ಪಕ್ಕ ಪೆನ್ಷನ್ ಅಂತ 1,250. ಆ ಕೊನೆಯ ಕಾಲಂಗೆ ಬಡ್ಡಿಯೇ ಬರುತ್ತಿಲ್ಲ. ಸೇರಿ ಒಂಬತ್ತು ವರ್ಷ ನಾಲ್ಕು ತಿಂಗಳಾಯಿತು, ಈಗ ಬೇರೆ ಕಂಪನಿಗೆ ಹೋಗುತ್ತಿದ್ದೀರಿ. ಬಡ್ಡಿ ಇಲ್ಲದ ದುಡ್ಡು ಅಲ್ಲಿ ಸುಮ್ನೆ ಯಾಕೆ ಬಿದ್ದಿರಬೇಕು, ತೆಗೆದುಬಿಡಲಾ ಅಂತ ಕೇಳಿದ್ದೀರಿ.

ತೆಗೆಯಬೇಡಿ. 2012ರಿಂದ ಒಂದು ಸಣ್ಣ ಕಾರ್ಖಾನೆಯ ಅಕೌಂಟ್ಸ್‌ನಲ್ಲಿ ಕೂತು ತಿಂಗಳು ತಿಂಗಳು ಪಿಎಫ್ ಚಲನ್ ಕಟ್ಟುವವನು ನಾನು. ಕೆಲಸ ಬಿಡುವ ಹುಡುಗರೆಲ್ಲ ನನ್ನ ಮೇಜಿನ ಮುಂದೆ ನಿಂತು ಇದನ್ನೇ ಕೇಳುತ್ತಾರೆ. ಅರ್ಧ ಜನ ನನ್ನ ಮಾತು ಕೇಳುವುದಿಲ್ಲ. ಅವರನ್ನು ಬೈಯುವ ಯೋಗ್ಯತೆ ನನಗೂ ಇಲ್ಲ, ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಆ ಲೆಕ್ಕ. ಕಂಪನಿಯೂ ನಿಮ್ಮಷ್ಟೇ, ಅಂದರೆ ಶೇ 12, ಕಟ್ಟುತ್ತಿದೆ. ಏನೂ ಕದ್ದಿಲ್ಲ. ಅದರಲ್ಲಿ ಶೇ 8.33 ಪೆನ್ಷನ್ ಯೋಜನೆಗೆ ಹೋಗುತ್ತದೆ. ಆದರೆ ಬೇಸಿಕ್ ಎಷ್ಟೇ ಇರಲಿ, ಈ ಲೆಕ್ಕ ಹಾಕುವುದು 15,000 ರೂಪಾಯಿಯ ಮಿತಿಯ ಮೇಲೆ. ಅದಕ್ಕೇ 1,250. ಉಳಿದ 1,150 ನಿಮ್ಮ ಪಿಎಫ್‌ಗೆ ಬಂದು ಬೀಳುತ್ತದೆ. ಈ ಮಿತಿ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮುಂಚೆ 6,500 ಇತ್ತು, ಆಗ ಆ ಕಾಲಂನಲ್ಲಿ 541 ಅಂತ ಕಾಣುತ್ತಿತ್ತು.

ಎಲ್ಲರೂ ಎಡವುವುದು ಮುಂದಿನ ವಿಷಯದಲ್ಲಿ. ಮೂರೂ ಕಾಲಂ ಒಂದೇ ಪುಟದಲ್ಲಿ ಇರುತ್ತವೆ, ಹಾಗಾಗಿ ಮೂರೂ ಒಂದೇ ಥರದ ದುಡ್ಡು ಅಂದುಕೊಳ್ಳುತ್ತೇವೆ. ಮೊದಲ ಎರಡು ನಿಮ್ಮ ಹುಂಡಿ. ಹಾಕಿದ್ದು ನಿಮ್ಮದೇ, ಬಡ್ಡಿಯೂ ನಿಮ್ಮದೇ, 2024-25ಕ್ಕೆ ಶೇ 8.25 ಕೊಟ್ಟರು. ಮೂರನೆಯದು ಹುಂಡಿಯೇ ಅಲ್ಲ. ಆ ದುಡ್ಡು ಎಲ್ಲರದ್ದೂ ಸೇರಿದ ಒಂದೇ ನಿಧಿಗೆ ಹೋಗುತ್ತದೆ. ಸರ್ಕಾರ ಕೂಡ ಅದಕ್ಕೆ ಸಂಬಳದ ಶೇ 1.16 ಸೇರಿಸುತ್ತದೆ. ನಾಳೆ ನಿಮಗೆ ಪೆನ್ಷನ್ ಕೊಡುವಾಗ ಆ ಕಾಲಂನ ಮೊತ್ತ ಎಷ್ಟಿದೆ ಅಂತ ಯಾರೂ ನೋಡುವುದಿಲ್ಲ. ಎಷ್ಟು ವರ್ಷ ಕಟ್ಟಿದ್ದೀರಿ, ಕೊನೆಯ 60 ತಿಂಗಳ ಸರಾಸರಿ ಸಂಬಳ ಎಷ್ಟು, ಇವೆರಡನ್ನೇ ನೋಡುತ್ತಾರೆ. ಸಂಬಳವನ್ನು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪೆನ್ಷನ್. ಅಲ್ಲೂ 15,000ದ ಮಿತಿ ಇದೆ. ಅಂದರೆ ಆ ಕಾಲಂನಲ್ಲಿ ನಿಜವಾಗಿ ಜಮೆ ಆಗುತ್ತಿರುವುದು ರೂಪಾಯಿ ಅಲ್ಲ, ನಿಮ್ಮ ವರ್ಷಗಳು.

ಹತ್ತು ವರ್ಷ ಆದರೆ 58ನೇ ವಯಸ್ಸಿಗೆ ಪೆನ್ಷನ್ ಹಕ್ಕು. ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಒಂದು ವರ್ಷ ಅಂತಲೇ ಹಿಡಿಯುತ್ತಾರೆ, ಹಾಗಾಗಿ ಒಂಬತ್ತೂವರೆ ಆದರೂ ಹತ್ತೇ ಲೆಕ್ಕ. ನಿಮಗೆ ಬಾಕಿ ಇರುವುದು ಎರಡು ತಿಂಗಳು! ಹೊಸ ಕಂಪನಿಯಲ್ಲಿ ಎರಡು ಸಲ ಚಲನ್ ಕಟ್ಟಿದರೆ ಆಯಿತು. ಈಗ ಫಾರ್ಮ್ 10ಸಿ ಹಾಕಿ ತೆಗೆದರೆ ಏನು ಸಿಗುತ್ತದೆ? ವರ್ಷಕ್ಕೆ ಸರಿಸುಮಾರು ಒಂದು ತಿಂಗಳ ಸಂಬಳ, ಅದೂ 15,000ದ ಮಿತಿಯೊಳಗೆ. 1,250ನ್ನು ಹನ್ನೆರಡರಿಂದ ಗುಣಿಸಿ ನೋಡಿ. ಅದೇ 15,000. ಕಟ್ಟಿದ್ದೇ ಹೆಚ್ಚುಕಡಿಮೆ ವಾಪಸ್ ಬರುತ್ತದೆ, ಅಷ್ಟೆ.

ಇನ್ನೊಂದು ಇದೆ, ಇದನ್ನು ಯಾರೂ ಹೇಳುವುದಿಲ್ಲ. 2014ರ ಸೆಪ್ಟೆಂಬರ್ ನಂತರ ಹೊಸದಾಗಿ ಸೇರುವವರ ಬೇಸಿಕ್ 15,000 ದಾಟಿದ್ದರೆ ಅವರನ್ನು ಪೆನ್ಷನ್ ಯೋಜನೆಗೆ ಸೇರಿಸಿಕೊಳ್ಳುವುದಿಲ್ಲ. ನೀವು ಒಳಗಿರುವುದು ಸೇರುವಾಗ ನಿಮ್ಮ ಬೇಸಿಕ್ ಕಡಿಮೆ ಇದ್ದದ್ದರಿಂದ ಇರಬೇಕು. ಈಗ ಲೆಕ್ಕ ಚುಕ್ತಾ ಮಾಡಿಕೊಂಡು ಹೊರಬಿದ್ದರೆ, 20,000 ಬೇಸಿಕ್ ಇಟ್ಟುಕೊಂಡು ಮತ್ತೆ ಒಳಗೆ ಬರಲು ಆಗುವುದಿಲ್ಲ.

ಇನ್ನು ನನ್ನ ಕಥೆ. ಮೊದಲ ಕೆಲಸದಲ್ಲಿ 2006ರಿಂದ ಆರು ವರ್ಷ ಇದ್ದೆ. ಬಿಟ್ಟ ಕೂಡಲೇ ಪಿಎಫ್, ಪೆನ್ಷನ್ ಎರಡರ ಫಾರ್ಮ್ ತುಂಬಿ ಎಲ್ಲ ಗುಡಿಸಿಕೊಂಡು ಬಂದೆ. ಪೆನ್ಷನ್ ಕಡೆಯಿಂದ ನಲವತ್ತು ಸಾವಿರದ ಆಸುಪಾಸು ಬಂತು. ಒಂದು ಸೆಕೆಂಡ್ ಹ್ಯಾಂಡ್ ಬೈಕ್ ತೆಗೆದುಕೊಂಡೆ, ನಾಲ್ಕು ವರ್ಷ ಓಡಿತು. ಆ ಆರು ವರ್ಷ ಉಳಿಸಿಕೊಂಡಿದ್ದರೆ ಹಳೇ 6,500ರ ಲೆಕ್ಕದಲ್ಲಿ ತಿಂಗಳಿಗೆ 557 ರೂಪಾಯಿ ಜಾಸ್ತಿ ಬರುತ್ತಿತ್ತು. ನಿಜ ಹೇಳಬೇಕೆಂದರೆ ಅದೇನು ದೊಡ್ಡ ದುಡ್ಡಲ್ಲ. ಆ ನಲವತ್ತು ಸಾವಿರವನ್ನು ಬೈಕಿಗೆ ಹಾಕದೆ ಬ್ಯಾಂಕಿನಲ್ಲಿ ಇಟ್ಟಿದ್ದರೂ ಅಷ್ಟು ಬಡ್ಡಿ ಹುಟ್ಟುತ್ತಿತ್ತೇನೋ. ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. 20 ವರ್ಷ ತುಂಬಿದವರಿಗೆ ಎರಡು ವರ್ಷ ಉಚಿತವಾಗಿ ಸೇರಿಸುತ್ತಾರೆ. ನನಗೆ ಅದು ಸಿಗುವುದು ಆರು ವರ್ಷ ತಡವಾಯಿತು.

ಪೆನ್ಷನ್ ಅಂದ ತಕ್ಷಣ ಸರ್ಕಾರಿ ನೌಕರರ ಪೆನ್ಷನ್ ನೆನಪಿಗೆ ಬರುತ್ತದೆ ಅಲ್ವಾ? ಇದು ಅದಲ್ಲ. ನಿಮಗೆ 33 ಅಂದಿದ್ದೀರಿ. 58ರವರೆಗೆ ಬಿಡದೆ ಕಟ್ಟಿದರೆ 34 ವರ್ಷ, ಮೇಲೆ ಆ ಎರಡು, ಒಟ್ಟು 36. ಇವತ್ತಿನ ಮಿತಿಯಲ್ಲಿ ತಿಂಗಳಿಗೆ 7,714 ರೂಪಾಯಿ. ಬೆಲೆ ಏರಿದ ಹಾಗೆ ಏರುವ ಡಿಎ ಇದಕ್ಕಿಲ್ಲ. ಇದರಲ್ಲಿ ಮನೆ ನಡೆಯುವುದಿಲ್ಲ. ನಿಮ್ಮನ್ನು ಕಾಯುವುದು ಹುಂಡಿಯೇ. ತಿಂಗಳಿಗೆ 3,550 ಬೀಳುತ್ತಿದೆ, ಸಂಬಳ ಒಂದು ರೂಪಾಯಿ ಏರದಿದ್ದರೂ ಇದೇ ಬಡ್ಡಿ ಸಿಕ್ಕರೆ 25 ವರ್ಷಕ್ಕೆ ಅದೊಂದೇ 30 ಲಕ್ಷ ದಾಟುತ್ತದೆ. ಹಾಗಾಗಿ ಹಳೇ ಪಿಎಫ್ ಕೂಡ ತೆಗೆಯದೆ ಟ್ರಾನ್ಸ್‌ಫರ್ ಮಾಡಿ.

ಹಾಗಾದರೆ ಪೆನ್ಷನ್ ಕಾಲಂ ಯಾಕೆ ಬೇಕು ಅಂತೀರಾ? ನಮ್ಮ ಸ್ಟೋರ್ಸ್‌ನಲ್ಲಿ ಒಬ್ಬ ಹುಡುಗ ಇದ್ದ. ಸೇರಿ ಎರಡು ವರ್ಷವೂ ಆಗಿರಲಿಲ್ಲ, ಅಪಘಾತದಲ್ಲಿ ಹೋಗಿಬಿಟ್ಟ. ಕೆಲಸದಲ್ಲಿ ಇರುವಾಗ ತೀರಿಕೊಂಡರೆ ಹತ್ತು ವರ್ಷದ ಲೆಕ್ಕ ಇಲ್ಲ, ಒಂದು ತಿಂಗಳು ಕಟ್ಟಿದ್ದರೂ ಹೆಂಡತಿ ಮಕ್ಕಳಿಗೆ ಪೆನ್ಷನ್ ಬರುತ್ತದೆ. ಅವನ ಹೆಂಡತಿಗೆ ಪೆನ್ಷನ್ ಅರ್ಜಿ, ಅಂದರೆ ಫಾರ್ಮ್ 10ಡಿ, ತುಂಬಿಕೊಟ್ಟವನು ನಾನೇ. ಆಧಾರ್‌ನಲ್ಲಿ ಅವನ ಇನಿಷಿಯಲ್ ಬಿಡಿಸಿ ಬರೆದಿತ್ತು, ನಮ್ಮ ರೆಕಾರ್ಡ್‌ನಲ್ಲಿ ಎರಡಕ್ಷರ ಅಷ್ಟೇ. ಅದೊಂದಕ್ಕೆ ಆಕೆ ಮಗು ಎತ್ತಿಕೊಂಡು ಎಷ್ಟು ಸಲ ಓಡಾಡಿದಳೋ. ತಪ್ಪು ನಮ್ಮ ಆಫೀಸಿನದು, ಬಹುಶಃ ನನ್ನದೇ. ಈಗಲೂ ಅವಳಿಗೆ ತಿಂಗಳು ತಿಂಗಳು ದುಡ್ಡು ಬರುತ್ತಿದೆ. ಎರಡು ಮಕ್ಕಳವರೆಗೆ, ಅವರಿಗೆ 25 ತುಂಬುವ ತನಕ, ಮಕ್ಕಳ ಪಾಲೂ ಬೇರೆ ಇದೆ.

ಅದಕ್ಕೇ ಹೊರಡುವ ಮುಂಚೆ ನಿಮ್ಮ ಹೆಸರು, ಹುಟ್ಟಿದ ದಿನಾಂಕ ಆಧಾರ್ ಜೊತೆ ಅಕ್ಷರ ಅಕ್ಷರ ತಾಳೆ ನೋಡಿ. ಮದುವೆ ಆಗಿದ್ದರೆ ನಾಮಿನೇಶನ್ ಹೊಸದಾಗಿ ಮಾಡಿ. ಕೆಲಸ ಬಿಟ್ಟ ದಿನಾಂಕವನ್ನು ಹಳೇ ಕಂಪನಿ ಹಾಕಿದೆಯಾ ನೋಡಿ, ಹಾಕದಿದ್ದರೆ ಎರಡು ತಿಂಗಳಾದ ಮೇಲೆ ಪಿಎಫ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು. ಹೊಸ ಕಂಪನಿಗೆ ಹಳೇ ಯುಎಎನ್ ನಂಬರನ್ನೇ (ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಕೊಡಿ, ಇನ್ನೊಂದು ಮಾಡಿಸಿಕೊಳ್ಳಬೇಡಿ.

ಟ್ರಾನ್ಸ್‌ಫರ್ ಆದ ಮೇಲೆ ಹೊಸ ಪಾಸ್‌ಬುಕ್ ತೆರೆದರೆ ಹಳೇ ಪಿಎಫ್ ಬಂದಿರುತ್ತದೆ, ಪೆನ್ಷನ್ ಕಾಲಂನಲ್ಲಿ ಮಾತ್ರ ಸೊನ್ನೆ ಇರುತ್ತದೆ. ಎದೆ ಧಸಕ್ ಅನ್ನುತ್ತದೆ, ಆದರೆ ಅದು ಹಾಗೇ ಇರಬೇಕು. ದಾಟಿ ಬರುವುದು ದುಡ್ಡಲ್ಲ, ವರ್ಷಗಳು. ಅವು ಅನೆಕ್ಷರ್ ಕೆ ಅನ್ನುವ ಕಾಗದದಲ್ಲಿ ಇರುತ್ತವೆ. ಅದನ್ನು ಇಳಿಸಿಕೊಂಡು, ಸೇರಿದ ದಿನ ಬಿಟ್ಟ ದಿನ ಸರಿ ಇದೆಯಾ ನೋಡಿ, ಒಂದು ಪ್ರಿಂಟ್ ಬೀರುವಿನಲ್ಲಿ ಇಡಿ. ನನ್ನ ಆ ಆರು ವರ್ಷದ್ದು ಒಂದು ಚೂರು ಕಾಗದವೂ ನನ್ನ ಹತ್ತಿರ ಇಲ್ಲ, ಬೈಕಿನ ಆರ್‌ಸಿ ಮಾತ್ರ ಇನ್ನೂ ಇದೆ.